ಕ್ಯಾರೆಟ್ಟಿನ ಅಳತೆ

ಬೆಳಿಗ್ಗೆ ಅಳೆದಾಗ ದಾರ ಒಂದೂವರೆ ಮೊಳ ಬಂದಿತ್ತು. ಮಧ್ಯಾಹ್ನ ಅಳೆದರೆ ಅದರ ಮೇಲೆ ಆರು ಬೆರಳು. ನಮ್ಮ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಕೆಳಗಡೆ ಎರಡು ಕಬ್ಬಿಣದ ತೋಳುಗಳಿವೆ, ನಡುವೆ ಮೇಲೊಂದು. ಯಾವ ಸಲಕರಣೆ ತಂದರೂ ಆ ಮೂರಕ್ಕೇ ಸಿಕ್ಕಿಸಬೇಕು. ನಾನು ಅಳೆದದ್ದು ಕೆಳಗಿನೆರಡರ ನಡುವಿನ ಜಾಗ. ಕಬ್ಬಿಣ ಅರ್ಧ ದಿನದಲ್ಲಿ ಬೆಳೆಯುತ್ತದೆಯೇ ಎಂದು ನೋಡುತ್ತ ನಿಂತೆ.

"ಏನಮ್ಮ, ಅದಕ್ಕೂ ಅಂಗಿ ಹೊಲೀತೀಯಾ?" ಎಂದಳು ಮಗಳು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು ನಾನು. ಅಭ್ಯಾಸ ಬಿಡಬೇಕಲ್ಲ.

ಅವಳು ಜಮೀನು ಗುತ್ತಿಗೆಗೆ ಹಿಡಿದ ಮೊದಲ ವರ್ಷ ಅದು. ಟ್ರೇಗಳಲ್ಲಿ ಈರುಳ್ಳಿ ಸಸಿ ಗೇಣುದ್ದ ಬೆಳೆದು ಬಾಗುತ್ತಿದ್ದವು. ಆ ವಾರ ನೆಲ ಹದವಾಗದಿದ್ದರೆ ಬೆಳೆ ಕೈಬಿಟ್ಟ ಹಾಗೆಯೇ. ಮಣ್ಣು ಪುಡಿ ಮಾಡುವ ಹಳೆಯ ರೋಟವೇಟರ್ ಒಂದನ್ನು ಅವತ್ತೇ ತರಬೇಕಿತ್ತು. ಮಾರುವವನ ಗೇಟು ದಾಟಿದ ಸಾಮಾನು ವಾಪಸ್ಸಿಲ್ಲ.

"ಬಿಸಿಲು, ನೀನ್ಯಾಕೆ ಬರ್ತೀಯ?" ಅಂದಳು. ನಾನಾಗಲೇ ಚಪ್ಪಲಿ ಮೆಟ್ಟಿದ್ದೆ. ಹೊರಡುವ ಮುಂಚೆ ಒಂದು ತೋಳನ್ನು ಕಾಲಿನಿಂದ ತಳ್ಳಿದೆ. ಆಚೀಚೆ ಓಲಾಡಿತು. ಸುಮ್ಮನೆ ನಿಲ್ಲದ ಮಗುವಿನ ಅಳತೆ ತೆಗೆದ ಹಾಗಾಗಿತ್ತು ನನ್ನ ಕಥೆ! ಹಾಗಾದರೆ ಬದಲಾಗದ್ದು ಯಾವುದು? ತೋಳಿನ ತುದಿಯ ತೂತು. ಅಡುಗೆಮನೆಯಿಂದ ಕ್ಯಾರೆಟ್ ತಂದು ಅದರೊಳಗೆ ತೂರಿಸಿ, ಸಿಕ್ಕಿಕೊಂಡ ಕಡೆಯೇ ಕೊಯ್ದು ಚೀಲಕ್ಕೆ ಹಾಕಿಕೊಂಡೆ.

ಮಾರುವವನಿಗೆ ನಾವಿಟ್ಟ ಹೆಸರು ಆಗುತ್ತೆಯಣ್ಣ. ಏನು ಕೇಳಿದರೂ ಆಗುತ್ತೆ ಅನ್ನುವವನು. ಅವನ ಅಂಗಳದಲ್ಲಿ ಎರಡು ರೋಟವೇಟರ್ ಇದ್ದವು, ಒಂದು ದೊಡ್ಡದು, ಒಂದು ಸಣ್ಣದು. ಮಗಳ ಕಣ್ಣು ದೊಡ್ಡದರ ಮೇಲೆ.

"ಅಣ್ಣ, ಇದು ನಮ್ಮ ಗಾಡಿಗೆ ಕೂರುತ್ತಾ?"

"ಆಗುತ್ತೆ ಬಿಡಮ್ಮ. ತೋಳು ಸ್ವಲ್ಪ ಅಗಲಿಸಿದರೆ ಆಯ್ತು."

ನಾನು ಕ್ಯಾರೆಟ್ ತೆಗೆದು, ಕೊಯ್ದ ಮುಖವನ್ನು, ತೋಳಿನ ತೂತಿಗೆ ಹೋಗಬೇಕಾದ ಅದರ ಪಿನ್ನಿಗೆ ಹಿಡಿದೆ. ಪಿನ್ನೇ ಸುತ್ತಲೂ ದಪ್ಪ.

"ಅಜ್ಜಿ, ಅದಕ್ಕೇನು ತಿನ್ನಿಸ್ತಿದ್ದೀರಾ?" ಎಂದು ನಕ್ಕ. "ಪಿನ್ನು ಉಜ್ಜಿ ಸಣ್ಣ ಮಾಡಿಕೊಡ್ತೀನಿ. ಆಗುತ್ತೆ."

"ಮಾಡ್ಕೊಡುವೆಯಂತಪ್ಪ. ಆದರೆ ತಯಾರಿಸಿದವನು ಇಷ್ಟು ದಪ್ಪ ಯಾಕಿಟ್ಟ?"

"ಭಾರ ತಡೀಬೇಕಲ್ಲ."

"ಎಷ್ಟು ಭಾರ?"

ಅವನು ತಲೆ ಕೆರೆದುಕೊಂಡ. "ನಾಲ್ಕು ಜನ ಸೇರಿದರೂ ಏಳಲ್ಲ."

"ಅಷ್ಟನ್ನು ಹಿಂದೆ ಎತ್ತಿದರೆ ನಮ್ಮ ಪುಟ್ಟ ಗಾಡಿಯ ಮುಂದಿನ ಚಕ್ರ ಎಲ್ಲಿರುತ್ತೆ?"

"ಎದ್ದರೂ... ಎದ್ದೀತು."

"ಅದರ ಮೇಲೆ ಕೂರೋಳು ಇವಳು. ಈಗ ಹೇಳು, ಆಗುತ್ತಾ?"

ಆಗುತ್ತೆಯಣ್ಣ ಮಗಳ ಮುಖ ನೋಡಿದ, ನನ್ನ ಕ್ಯಾರೆಟ್ ನೋಡಿದ. "ಆಗಲ್ಲ" ಅಂದ.

ಸಣ್ಣದರ ಪಿನ್ನಿಗೂ ಕ್ಯಾರೆಟ್ಟಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮಗಳು ಮಾತ್ರ ಸಪ್ಪಗಾದಳು. "ಇದರ ಅಗಲ ಸಾಲದಮ್ಮ. ಹಿಂದಿನ ಚಕ್ರ ತುಳಿದ ಜಾಗ ಎರಡೂ ಕಡೆ ಗಟ್ಟಿಯಾಗೇ ಉಳಿಯುತ್ತೆ." ಆದರೂ ಅದನ್ನೇ ತಂದೆವು. ದಾರಿಯಲ್ಲಿ ಅವಳು ಅಳತೆಗೋಲನ್ನೇ ಕಚ್ಚಿ ತಿಂದುಬಿಟ್ಟಳು.

ಮಾರನೆಯ ದಿನ ಗಾಡಿಯನ್ನು ಹಿಂದಕ್ಕೆ ಹಾಕಿ ಇಂಜಿನ್ ಆರಿಸಿದಳು. ಎಡಗಡೆ ಪಿನ್ನು ಕೂತಿತು. ಬಲಗಡೆ ಎರಡು ಬೆರಳು ದೂರ. ನಾನು ತೋಳನ್ನು ಮೆಲ್ಲಗೆ ಎಳೆದೆ, ಬಂದು ಸೇರಿಕೊಂಡಿತು. ನಿನ್ನೆ ನನಗೆ ಎರಡು ಅಳತೆ ಕೊಟ್ಟ ಓಲಾಟ ಇದಕ್ಕೇ ಇದ್ದದ್ದು! ಮೇಲಿನದನ್ನೂ ಸಿಕ್ಕಿಸಿ, ಇನ್ನು ಓಲಾಡದಂತೆ ಚೈನು ಬಿಗಿದಳು.

ಮೊದಲ ಸಾಲು ಮುಗಿದಾಗ ನಡುವೆ ಹಿಟ್ಟಿನಂಥ ಮಣ್ಣು, ಅಕ್ಕಪಕ್ಕ ಅವಳು ಹೇಳಿದ ಹಾಗೇ ಎರಡು ಗಟ್ಟಿ ಪಟ್ಟಿ. ಅವಳು ಇಳಿದು, ಸೊಂಟಕ್ಕೆ ಕೈಯಿಟ್ಟು ಅವನ್ನೇ ದಿಟ್ಟಿಸಿದಳು. ನಾನು ಸಸಿಯ ಟ್ರೇ ಹಿಡಿದು ಹಿಟ್ಟುಮಣ್ಣಿನೊಳಗೆ ಹೆಜ್ಜೆಯಿಟ್ಟೆ.

"ಅಮ್ಮ, ಅಲ್ಲಿ ತುಳೀಬೇಡ!" ಎಂದು ಕೂಗಿದಳು. "ಆ ಗಟ್ಟಿ ಕಡೆ ಕೂತ್ಕೋ. ಕೈ ಎಟಕುತ್ತಾ ನೋಡು."

ಎಟಕಿತು. ಅವಳು ಆ ಕಡೆಯ ಪಟ್ಟಿಯ ಮೇಲೆ ಕುಕ್ಕರುಗಾಲಲ್ಲಿ ಕೂತಳು, ನಾನು ಈ ಕಡೆ. ನಮ್ಮ ಬೆರಳುಗಳು ನಡುವೆ ಒಂದನ್ನೊಂದು ಮುಟ್ಟಿದವು. ಮೊದಲ ಸಸಿಯನ್ನು ಅಲ್ಲೇ ನೆಟ್ಟೆವು.