ಮಹಾರಾಯನ ನಿವೃತ್ತಿ

ನಮ್ಮ ಹೊಲಿಗೆ ಕಾರ್ಖಾನೆಯ ಶಿಶುಗೃಹಕ್ಕೆ ಬೀಗ ಬಿದ್ದ ವಾರವೇ ನನ್ನ ಗಂಡನ ಅಕ್ಕ, ಅಂದರೆ ನಮ್ಮತ್ತಿಗೆ, ಮಗುವಿನ ಕಾರು ಸೀಟೊಂದನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದರು.

ಶಿಶುಗೃಹವೆಂದರೆ ಅರಮನೆಯೇನಲ್ಲ. ಹೊಲಿಗೆ ನಡೆಯುವ ಹಾಲ್‌ನ ಹಿಂಬದಿಯಲ್ಲಿ ಒಂದು ಕೋಣೆ, ನಾಲ್ಕಾರು ತೊಟ್ಟಿಲು, ಒಬ್ಬ ಆಯಾ. ಅಷ್ಟನ್ನು ಪಡೆಯಲು ನನಗಿಂತ ಮೊದಲಿನ ಹೆಂಗಸರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಮುಂದೆ ಬಿಸಿಲಲ್ಲಿ ಕೂತಿದ್ದರು. ಈಗ ಆ ಕೋಣೆಯಲ್ಲಿ ಶರಟು ತುಂಬಿದ ರಟ್ಟಿನ ಪೆಟ್ಟಿಗೆಗಳು ಮಲಗಿವೆ. ಶರಟಿಗೆ ನೆರಳು ಬೇಕು, ಅದನ್ನು ಹೊಲಿಯುವವಳ ಕೂಸಿಗೆ ಬೇಡ. ಕೇಳಲು ಹೋದ ನಮಗೆ ಮ್ಯಾನೇಜರು ಕುರ್ಚಿಯಿಂದ ಏಳದೆಯೇ ಹೇಳಿದರು: "ಕೆಲಸ ಉಳಿದಿದೆಯಲ್ಲಮ್ಮ, ಅದಕ್ಕೆ ಸ್ವಲ್ಪ ಕೃತಜ್ಞತೆ ಇರಲಿ." ಬೆಳಿಗ್ಗೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವ ಹಾಗೆ ಇನ್ನು ಮೇಲೆ ಕೃತಜ್ಞತೆಯನ್ನೂ ದಿನಾ ತೋರಿಸಬೇಕೇನೋ. ತೋರಿಸುವುದಿಲ್ಲ ಎಂದು ನಾನು ಅಲ್ಲೇ ಹೇಳಿಬಂದೆ. ಬೀಗ ತೆಗೆಸುವ ಜಗಳ ಇನ್ನೂ ನಡೆಯುತ್ತಲೇ ಇದೆ.

ಜಗಳ ಮುಗಿಯುವವರೆಗೆ ಮಗು ಬೆಳೆಯದೆ ಕಾಯುತ್ತದೆಯೇ? ನನ್ನ ಮಗಳು ಚಿಟ್ಟುವಿಗೆ ಈಗಷ್ಟೇ ಒಂದು ವರ್ಷ ದಾಟಿದೆ. ಅವಳನ್ನು ನೋಡಿಕೊಳ್ಳುವ ಮನೆಯೊಂದು ಸಿಕ್ಕಿದ್ದು ಹೆದ್ದಾರಿಯ ಆಚೆ ತುದಿಯಲ್ಲಿ. ಬಟ್ಟೆ ಕತ್ತರಿಸುವ ವಿಭಾಗದ ಹಿರಿಯಾಕೆಗೆ, ನಾವೆಲ್ಲ ಕತ್ತರಿ ಅಕ್ಕ ಎನ್ನುತ್ತೇವೆ, ಒಂದು ಹಳೆಯ ಕಾರಿದೆ. ಸೋಮವಾರದಿಂದ ದಿನಾ ಕರೆದೊಯ್ಯುತ್ತೇನೆಂದು ಒಪ್ಪಿದಳು. ಒಪ್ಪಿದವಳು ಒಂದು ಷರತ್ತನ್ನೂ ಹಾಕಿದಳು.

"ಮಗೂನ ತೊಡೆ ಮೇಲೆ ಕೂರಿಸ್ಕೊಂಡು ನನ್ನ ಕಾರು ಹತ್ತಬೇಡ ಮಾರಾಯ್ತಿ. ಆ ರಸ್ತೇಲಿ ಲಾರಿಗಳು ಹೋಗೋ ರೀತಿ ನೋಡಿದ್ರೆ ನನಗೇ ಭಯ ಆಗುತ್ತೆ. ಸೀಟು ತಾ, ಆಮೇಲೆ ಬಾ."

ಆ ಸುದ್ದಿ ಕಿವಿಗೆ ಬಿದ್ದದ್ದೇ ಅತ್ತಿಗೆ ಹೊರಟುಬಂದಿದ್ದರು.

"ತಗೋಳೇ. ನಮ್ಮ ಮಹಾರಾಯನ್ನ ತಂದಿದ್ದೀನಿ. ನನ್ನ ಮಗನ್ನ ಉಳಿಸಿಕೊಟ್ಟೋನು. ಇನ್ನು ಮೇಲೆ ನಿನ್ನ ಮಗಳನ್ನ ಕಾಯ್ತಾನೆ."

ಆ ಸೀಟಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೆಲವು ವರ್ಷಗಳ ಹಿಂದೆ ಲಾರಿಯೊಂದು ಅತ್ತಿಗೆಯ ಕಾರಿಗೆ ಎದುರಿನಿಂದ ಗುದ್ದಿತ್ತು. ಕಾರು ತಗಡಿನ ಮುದ್ದೆಯಾಗಿತ್ತು, ಅತ್ತಿಗೆಯ ಮಣಿಕಟ್ಟು ಮುರಿದಿತ್ತು. ಹಿಂಬದಿಯಲ್ಲಿ ಈ ಸೀಟಿನಲ್ಲಿದ್ದ ಮಗನಿಗೆ ಮಾತ್ರ ಒಂದು ಗೀರೂ ಇಲ್ಲ. ಬಿದ್ದುಹೋದ ಬಿಸ್ಕತ್ತಿಗಾಗಿ ಅಳುತ್ತಿದ್ದನಂತೆ. ಅಂದಿನಿಂದ ಅದು ಸೀಟಲ್ಲ, ಮಹಾರಾಯ. ಅತ್ತಿಗೆ ಅದನ್ನು ಅಲಮಾರಿನ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ತಮ್ಮ ಗಂಡನ ತಂಗಿ ಕೇಳಿದರೂ ಕೊಟ್ಟಿರಲಿಲ್ಲ. ಈಗ ನನ್ನ ಮಗಳಿಗಾಗಿ ತಾವೇ ಹೊಸ ಹೊದಿಕೆ ಹೊಲಿದು, ತೊಳೆದು, ಒಣಗಿಸಿ ತಂದಿದ್ದರು. ಹೊಲಿಗೆ ಸೊಟ್ಟಗಿತ್ತು. ಮುರಿದು ಕೂಡಿದ ಕೈಯ ಹೊಲಿಗೆ.

ಅತ್ತಿಗೆ ಹೊರಟ ಮೇಲೆ ನನ್ನ ಗಂಡ ಆ ಹೊದಿಕೆ ಬಿಚ್ಚಿದ. ಅವನದು ಲಿಫ್ಟ್ ರಿಪೇರಿ ಕೆಲಸ. ಯಾವುದನ್ನೂ ತಿರುಗಿಸಿ ನೋಡದೆ ನೆಲದ ಮೇಲಿಡುವ ಜಾತಿಯಲ್ಲ. ಸೀಟಿನ ಬದಿಯಲ್ಲೇ ಮುದ್ರಿಸಿತ್ತು, ಜೋರು ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದು ಎಂದು. ಬೆಲ್ಟು ತೂರುವ ಕಂಡಿಯ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಒಂದು ಬಿಳಿ ಗೆರೆ. ಅವನು ಅದರ ಮೇಲೆ ಹೆಬ್ಬೆರಳಾಡಿಸಿದ.

"ಇದು ಏಟು ತಿಂದಿದೆ ಕಣೇ. ಒಂದ್ಸಲ ಜೋರಾಗಿ ಜಗ್ಗಿಸಿಕೊಂಡ ಹಗ್ಗಾನ ನಾವು ಮತ್ತೆ ನಂಬಲ್ಲ. ಹೊರಗಡೆ ಚೆನ್ನಾಗೇ ಕಾಣುತ್ತೆ. ಒಳಗಡೆ ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲ."

"ಸರಿ, ನಿಮ್ಮಕ್ಕನಿಗೆ ಹೇಳು."

"ನಾನಾ? ಚಿಕ್ಕವನಿದ್ದಾಗ ಅವಳ ಸೈಕಲ್ ಬೀಳಿಸಿದ್ದಕ್ಕೆ ಇವತ್ತಿಗೂ ಬೈತಾಳೆ. ಅಮ್ಮ ಹೇಳಲಿ."

ನಮ್ಮತ್ತೆ ತಲೆ ಎತ್ತದೆ ತರಕಾರಿ ಹೆಚ್ಚುತ್ತಿದ್ದರು. "ನನ್ನ ಮಗಳು ನನ್ನನ್ನ ಹಸೀದೇ ತಿಂದುಹಾಕ್ತಾಳೆ. ನನಗೆ ಬಿ.ಪಿ. ಇದೆ. ಸೊಸೆ ಹೇಳಲಿ. ಅವಳು ಮ್ಯಾನೇಜರಿಗೇ ಎದುರು ಮಾತಾಡಿದ ಹೆಣ್ಣು."

ಹಾಗೆ ಕೆಲಸ ನನ್ನ ಕೊರಳಿಗೆ ಬಿತ್ತು. ಗೇಟಿನಲ್ಲಿ ನಿಂತು ಬೇಡ ಎನ್ನುವುದು ಸುಲಭ. ಅಲ್ಲಿ ಎದುರಿಗಿರುವವನು ನಮ್ಮಿಂದ ಕಸಿಯಲು ಬಂದವನು. ತನ್ನಲ್ಲಿರುವುದರಲ್ಲೇ ಅತ್ಯಂತ ದೊಡ್ಡದನ್ನು ಎರಡು ಕೈಯಲ್ಲಿ ತಂದುಕೊಟ್ಟವರ ಮುಂದೆ ಬೇಡ ಎನ್ನುವುದು ಹೇಗೆ? ಬೇಡ ಅಂದರೆ ಅತ್ತಿಗೆ ದೂರವಾಗುತ್ತಾರೆ. ಅನ್ನದಿದ್ದರೆ ಆ ಬಿಳಿ ಗೆರೆಯ ಮೇಲೆ ನನ್ನ ಮಗಳು ಕೂರುತ್ತಾಳೆ.

ಮರುದಿನ ಅತ್ತಿಗೆಯ ಜೆರಾಕ್ಸ್ ಅಂಗಡಿಗೆ ಹೋದೆ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದ ಅಂಗಡಿ. ಯಂತ್ರ ಬಿಸಿಯಾಗಿತ್ತು. ಕಾಗದ ಹೊರಬರುತ್ತಿತ್ತು. ನಾನು ಸುತ್ತುಬಳಸದೆ ಹೇಳಿಬಿಟ್ಟೆ.

ಅತ್ತಿಗೆಯ ಕೈ ಗುಂಡಿಯ ಮೇಲೆಯೇ ನಿಂತಿತು. "ಅಂದ್ರೆ? ನಿನ್ನ ಮಗಳು ಚಿನ್ನ, ನನ್ನ ಮಗ ತಗಡಾ? ಅವನು ಕೂತಿದ್ದು ನಿನ್ನ ಮಗಳಿಗೆ ಆಗಲ್ವಾ?"

"ಹಾಗಲ್ಲ ಅತ್ತಿಗೆ..."

"ಎರಡೂ ಕಡೆ ಪ್ರಿಂಟಾ, ಒಂದೇ ಕಡೆನಾ?" ಎಂದು ಅತ್ತಿಗೆ ನನ್ನ ಹಿಂದೆ ನಿಂತಿದ್ದ ಗಿರಾಕಿಯನ್ನು ಗದರಿದರು.

"ಒಂದೇ ಕಡೆ ಸಾಕಮ್ಮ" ಎಂದ ಆತ ಹೆದರಿ.

"ಕೊಟ್ಟವಳ ಮುಖದ ಮೇಲೆ ಎಸೆಯೋದು ಅಂದ್ರೆ ಇದೇ. ಹೊಸದೇ ಬೇಕು ಅಂತ ಬಾಯಿ ಬಿಟ್ಟು ಹೇಳು. ಅದಕ್ಕೆ ಈ ಓದು, ಈ ಗೆರೆ ಎಲ್ಲ ಯಾಕೆ? ಅವತ್ತು ಅವನೊಬ್ಬ ಇಲ್ಲದಿದ್ರೆ..." ಮಾತು ಅಲ್ಲಿಗೆ ಮುರಿಯಿತು. ಗಿರಾಕಿ ಕಾಗದ ಎತ್ತಿಕೊಂಡು ಸದ್ದಿಲ್ಲದೆ ಜಾರಿಕೊಂಡ.

ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ನನಗೆ ಮರೆತುಹೋದವು. ಬಾಯಿಗೆ ಬಂದದ್ದು ನಮ್ಮ ಗೇಟಿನ ಭಾಷೆ.

"ಅತ್ತಿಗೆ, ಅವನು ತನ್ನ ಪಾಳಿ ಮುಗಿಸಿದ್ದಾನೆ. ಅವನಿಗಿದ್ದಿದ್ದು ಒಂದೇ ಕೆಲಸ. ಅದನ್ನ ಮಾಡುವಾಗಲೇ ಅವನ ಬೆನ್ನು ಮುರಿದಿದೆ. ಮುರಿದ ಬೆನ್ನಿನ ಮೇಲೆ ಮತ್ತೆ ಹೊರೆ ಹಾಕೋದು ನಮ್ಮ ಕಂಪನಿಯವರ ಬುದ್ಧಿ. ನಿಮ್ಮದಲ್ಲ. ಅವನಿಗೆ ನಿವೃತ್ತಿ ಕೊಡಿ."

ಯಂತ್ರ ತನ್ನಷ್ಟಕ್ಕೆ ಗುರ್ ಎನ್ನುತ್ತಿತ್ತು. ಅತ್ತಿಗೆ ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು. ಸಮವಾಗಿದ್ದನ್ನೇ ಮತ್ತೆ ಕುಟ್ಟಿದರು. ತಮ್ಮ ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ನನ್ನ ಕೈಯಲ್ಲಿ ಈಗ ನೀರಿನ ಕೊಡ ಎತ್ತೋಕಾಗಲ್ಲ. ಯಾರೂ ಎತ್ತು ಅಂತ ಹೇಳೋದೂ ಇಲ್ಲ" ಎಂದರು ನಿಧಾನವಾಗಿ. ಆಮೇಲೆ ಮೂಗೊರೆಸಿಕೊಂಡು, "ಪಿಂಚಣಿ ಏನು ಕೊಡ್ತೀಯೇ ಅವನಿಗೆ?" ಎಂದರು.

"ನೀವೇ ಹೇಳಿ."

"ಹೊಸಬನ್ನ ಆರಿಸೋಕೆ ನಾನೂ ಬರ್ತೀನಿ. ಅವನ ಜಾಗಕ್ಕೆ ಯಾರನ್ನೋ ತಂದು ಕೂರಿಸೋಕೆ ನಾನು ಬಿಡಲ್ಲ."

ಭಾನುವಾರ ಮಕ್ಕಳ ಸೀಟಿನ ಅಂಗಡಿಗೆ ಹೊರಟವರು ನಾನು, ನನ್ನ ಗಂಡ, ಅತ್ತಿಗೆ, ಚಿಟ್ಟು. ನಾವು ಬಸ್ಸಿನಲ್ಲಿ ಹೋದೆವು, ಸೀಟಿಟ್ಟು ನೋಡಲೆಂದು ಕತ್ತರಿ ಅಕ್ಕ ತನ್ನ ಕಾರನ್ನು ಅಂಗಡಿಗೇ ತಂದಿದ್ದಳು. ಸೀಟುಗಳನ್ನು ಗೋಡೆಯುದ್ದಕ್ಕೂ ಅಂತಸ್ತಿನ ಪ್ರಕಾರ ಜೋಡಿಸಿದ್ದರು. ಮೇಲಿನ ಸಾಲಿಗೆ ದೀಪ, ಕೆಳಗಿನ ಸಾಲಿಗೆ ಧೂಳು. ಮಾರುವವನು ನಮ್ಮನ್ನು ನೇರವಾಗಿ ದೀಪದ ಕೆಳಗೆ ಕರೆದೊಯ್ದ.

"ಮಗು ಮೇಲೆ ಪ್ರೀತಿ ಇರೋರು ಇದನ್ನೇ ತಗೊಳ್ಳೋದು ಮೇಡಂ."

ನನ್ನ ಮೈ ಉರಿದುಹೋಯಿತು. ತಾಯಿಯ ಹೆದರಿಕೆಯನ್ನು ತೂಕಕ್ಕೆ ಹಾಕಿ ಮಾರುವ ವ್ಯಾಪಾರ ಇದು. ಕೆಳಗಿನ ಸಾಲಿಗೆ ಕೈ ಹಾಕುವವಳಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮುಂದೆ ನಿಂತಿದ್ದರು.

"ಪ್ರೀತಿ ನಾವು ಮನೆಯಿಂದಲೇ ತಂದಿದ್ದೀವಿ ಕಣಪ್ಪ. ನೀನು ಸೀಟಿನ ವಿಷಯ ಹೇಳು. ಗುದ್ದಿಸಿ ಪರೀಕ್ಷೆ ಮಾಡಿರೋ ಮುದ್ರೆ ಕೆಳಗಿನದ್ದಕ್ಕೂ ಇದೆ, ಮೇಲಿನದ್ದಕ್ಕೂ ಇದೆ. ಮತ್ತೆ ಇದರಲ್ಲಿ ಹೆಚ್ಚಿಗೆ ಏನಿದೆ?"

ಅವನು ತಡವರಿಸಿದ. "ಬಟ್ಟೆ ಮೆತ್ತಗಿದೆ... ಲೋಟ ಇಡೋ ಜಾಗ ಇದೆ..."

"ಅವಳಿನ್ನೂ ಹಾಲನ್ನ ಅರ್ಧ ಕುಡಿದು ಅರ್ಧ ಮೈಮೇಲೆ ಹುಯ್ಕೊಳ್ತಾಳೆ. ಲೋಟಕ್ಕೆ ಜಾಗ ಮಾಡಿ ಯಾರನ್ನ ಉದ್ಧಾರ ಮಾಡ್ತೀಯ? ಬಾ, ಕಾರಿನಲ್ಲಿಟ್ಟು ತೋರಿಸು."

ಇಟ್ಟು ನೋಡಿದಾಗಲೇ ತಿಳಿದದ್ದು, ಆರಿಸುವುದು ನಾವಲ್ಲ, ಕಾರು ಎಂದು. ದೀಪದ ಕೆಳಗಿದ್ದ ದೊಡ್ಡ ಸೀಟನ್ನಿಟ್ಟರೆ ಮುಂದಿನ ಸೀಟು ಮುಂದಕ್ಕೆ ಸರಿದು ಕತ್ತರಿ ಅಕ್ಕನ ಮಂಡಿ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. "ನಾನು ಓಡಿಸಬೇಕಾ, ತಪಸ್ಸು ಮಾಡಬೇಕಾ?" ಎಂದು ಅವಳು ಕಿರುಚಿದಳು. ಎರಡನೆಯದಕ್ಕೆ ಆ ಹಳೆಯ ಕಾರಿನ ಬೆಲ್ಟು ಸುತ್ತುಹಾಕುವಷ್ಟು ಉದ್ದವಿರಲಿಲ್ಲ. ಮೂರನೆಯದು ಕೆಳಗಿನ ಸಾಲಿನ ಬೂದು ಬಣ್ಣದ ಸೀಟು. ಮಗುವನ್ನು ಕಾರಿನ ಹಿಂಬದಿಗೆ ಮುಖಮಾಡಿ ಕೂರಿಸುವಂಥದ್ದು.

"ನಮಗೆಲ್ಲ ಬೆನ್ನು ಹಾಕಿ ಕೂರಬೇಕಾ? ಮುಖ ಕಾಣದೆ ಅಳುತ್ತಲ್ಲೋ" ಎಂದರು ಅತ್ತಿಗೆ.

"ಅತ್ತರೆ ಅಳಲಿ ಅಕ್ಕ. ಅವಳಿಗೆ ತಲೆ ದೊಡ್ಡದು, ಕುತ್ತಿಗೆ ಎಳೇದು. ಎದುರಿಂದ ಏನಾದ್ರೂ ಗುದ್ದಿದ್ರೆ ಆ ಭಾರಾನ ಸೀಟಿನ ಬೆನ್ನು ಹೊರಬೇಕು, ಅವಳ ಕುತ್ತಿಗೆ ಅಲ್ಲ" ಎಂದ ನನ್ನ ಗಂಡ. ಅಕ್ಕನಿಗೆ ಅವನು ಎದುರು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತಿಗೆ ಅವನನ್ನು ದಿಟ್ಟಿಸಿದರು. "ನನ್ನ ಮಗ ಮುಂದಕ್ಕೆ ಮುಖ ಮಾಡಿ ಕೂತಿದ್ದ. ಆಗ ಯಾರೂ ಹೇಳಲಿಲ್ಲ" ಎಂದರು. ಮರುಕ್ಷಣವೇ ಸೆರಗು ಸಿಕ್ಕಿಸಿ, ಕಾರಿನೊಳಗೆ ತೂರಿ, ಸೀಟಿನ ಮೇಲೆ ಮಂಡಿಯೂರಿ ತಮ್ಮ ಇಡೀ ಭಾರ ಹಾಕಿದರು. "ಎಳಿಯೋ ಬೆಲ್ಟು! ನಾನು ದಪ್ಪ ಇರೋದು ಮತ್ಯಾವಾಗ ಉಪಯೋಗಕ್ಕೆ ಬರಬೇಕು?"

ಅವನು ಎಳೆದ. ಬೆಲ್ಟು ಸಾಗುವ ಜಾಗದಲ್ಲೇ ಸೀಟನ್ನು ಹಿಡಿದು ನಾನು ಅಲ್ಲಾಡಿಸಿದೆ. ಬೆರಳಗಲದಷ್ಟೂ ಸರಿಯಲಿಲ್ಲ. ಕತ್ತರಿ ಅಕ್ಕ ಮುಂದಿನ ಸೀಟಿನಿಂದ, "ನನ್ನ ಮಂಡಿ ಆರಾಮಾಗಿದೆ" ಎಂದು ವರದಿ ಒಪ್ಪಿಸಿದಳು. ಚಿಟ್ಟುವಿನ ದಪ್ಪ ಅಂಗಿ ಕಳಚಿ ಕೂರಿಸಿದೆವು. ಅಂಗಿಯ ಮೇಲೆ ಬಿಗಿದ ಬೆಲ್ಟು ಬಿಗಿಯೇ ಅಲ್ಲ. ಪಟ್ಟಿಗಳು ಅವಳ ಹೆಗಲ ಮಟ್ಟದಿಂದಲೇ ಹೊರಬರುತ್ತವೆಯೇ ಎಂದು ನೋಡಿದೆವು. ಅತ್ತಿಗೆ ಎರಡು ಬೆರಳಿನಿಂದ ಹೆಗಲ ಮೇಲಿನ ಪಟ್ಟಿಯನ್ನು ಚಿವುಟಲು ನೋಡಿದರು. ಸಡಿಲ ಸಿಕ್ಕಿತು. ಬಿಗಿಸಿದರು. ಮತ್ತೆ ಚಿವುಟಿದರು. ಬೆರಳು ಜಾರಿತು. ಚಿಟ್ಟು ಮಾತ್ರ ಯಾರೋ ತನ್ನ ಆಸ್ತಿ ಕಸಿದುಕೊಂಡರೆಂಬಂತೆ ಮುಖ ಕೆಂಪಗೆ ಮಾಡಿ ಅರಚಿದಳು.

ಸಣ್ಣದೊಂದು ಕಾರಿನಲ್ಲಿ ನಾಲ್ಕು ಜನ ದೊಡ್ಡವರು, ಬೆವರು ಸುರಿಸುತ್ತ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಗುಲಿಸುತ್ತ, ಒಂದು ಕೂಸಿನ ಸುತ್ತ ಬಗ್ಗಿಕೊಂಡಿದ್ದೆವು. ನನ್ನ ಮನಸ್ಸು ತುಂಬಿಬಂತು. ಯಾರೂ ಇದನ್ನು ನನ್ನಿಂದ ಕೇಳಿರಲಿಲ್ಲ. ಕೇಳಿ ಪಡೆಯುವುದು ಸಲಾಮು. ಕೇಳದೆಯೇ ಎದೆಯಲ್ಲಿ ಉಕ್ಕುವುದಕ್ಕೆ ಕೃತಜ್ಞತೆ ಎನ್ನುವ ಹೆಸರು ಸಲ್ಲುತ್ತದೆ. ಆ ಮ್ಯಾನೇಜರಿಗೆ ಈ ವ್ಯತ್ಯಾಸ ಯಾವ ಜನ್ಮದಲ್ಲಾದರೂ ತಿಳಿದೀತೇ?

ಬೂದು ಸೀಟನ್ನು ಕೊಂಡು ಮನೆಗೆ ಬಂದಾಗ ಮಹಾರಾಯ ಜಗಲಿಯ ಮೇಲೆ ಕೂತಿದ್ದ. ಅತ್ತಿಗೆ ಅವನನ್ನು ವಾಪಸು ಒಯ್ದು ಮತ್ತೆ ಅಲಮಾರಿನ ಮೇಲಿಡುವವರಿದ್ದರು. ಮೇಲಿನ ಮನೆಯಾಕೆ ಮೆಟ್ಟಿಲಿಳಿದು ಬಂದವರು ಆ ಹೊಸ ಹೊದಿಕೆಯನ್ನು ಸವರಿದರು.

"ನಿಮಗೆ ಹೊಸದು ಬಂತಲ್ಲ, ಇದನ್ನ ನನಗೆ ಕೊಡಿ. ನನ್ನ ಮೊಮ್ಮಗನಿಗೆ ಆಗುತ್ತೆ. ಎಷ್ಟು ಚೆನ್ನಾಗಿದೆ, ಒಂದು ಕಲೆಯೂ ಇಲ್ಲ."

"ಕೊಡೋಕಾಗಲ್ಲ. ಇದು ಅಪಘಾತ ಕಂಡಿರೋ ಸೀಟು" ಎಂದೆ.

"ಅಯ್ಯೋ, ಹತ್ತಿರದಲ್ಲೇ ಓಡಾಡೋಕೆ ತಾನೆ. ಇಲ್ಲದಿದ್ರೆ ಹೇಗೂ ತೊಡೆ ಮೇಲೇನೇ."

ಅತ್ತಿಗೆ ಆಕೆಯ ಮುಖವನ್ನೊಮ್ಮೆ, ತಾವೇ ಹೊಲಿದ ಹೊದಿಕೆಯನ್ನೊಮ್ಮೆ ನೋಡಿದರು. ಅಲಮಾರಿನ ಮೇಲಿಟ್ಟರೂ ಒಂದು ದಿನ ಯಾರೋ ಇಳಿಸುತ್ತಾರೆ. ಬಟ್ಟೆ ನೋಡುತ್ತಾರೆ, ಗೆರೆ ನೋಡುವುದಿಲ್ಲ. ಇದು ಅವರಿಗೆ ಹೊಳೆದದ್ದು ನನಗೆ ಅವರ ಮುಖದಲ್ಲೇ ಕಂಡಿತು.

"ಕತ್ತರಿ ತಾರೇ" ಎಂದರು.

ಕಾರ್ಖಾನೆಯ ಕೆಲಸಕ್ಕೆಂದು ಇಟ್ಟುಕೊಂಡ ನನ್ನ ದೊಡ್ಡ ಕತ್ತರಿಯನ್ನು ತಂದೆ. ಅತ್ತಿಗೆ ಮಹಾರಾಯನ ಮುಂದೆ ಕಾಲು ಚಾಚಿ ನೆಲದ ಮೇಲೆ ಕೂತರು. "ಸಾಕು ಕಣಪ್ಪ. ಬಹಳ ಮಾಡಿದ್ದೀಯ" ಎಂದರು, ಮನೆಗೆ ಬಂದ ನೆಂಟರಿಗೆ ಹೇಳುವಷ್ಟು ಸಹಜವಾಗಿ. ಬೆಲ್ಟು ಗಟ್ಟಿಯಿತ್ತು. ಕತ್ತರಿ ಅದನ್ನು ಕಡಿಯಲಿಲ್ಲ, ಜಗಿಯಿತು. ಸೊಟ್ಟ ಮಣಿಕಟ್ಟು ನೋಯುತ್ತಿದ್ದರೂ ಅವರು ಬಿಡಲಿಲ್ಲ. ಒಂದು ಪಟ್ಟಿ ತುಂಡಾಗಿ ಬಿತ್ತು. ಎರಡನೆಯದರ ಬಳಿ ನಿಂತು ಕತ್ತರಿಯನ್ನು ನನ್ನ ಕಡೆ ಚಾಚಿದರು.

"ಇದು ನಿನ್ನ ಮಗಳ ಪಾಲಿನದು. ನೀನು ಕತ್ತರಿಸು. ಕೂರಿಸಿಕೊಳ್ಳದೇನೇ ಅವಳನ್ನೂ ಕಾದ ನಮ್ಮ ಮಹಾರಾಯ."

ಅವರ ಪಕ್ಕದಲ್ಲೇ ಕೂತು ಕತ್ತರಿಸಿದೆ. ನನ್ನ ಗಂಡ ಬಣ್ಣದ ಡಬ್ಬಿ ತಂದು ಸೀಟಿನ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಬಳಸಬೇಡಿ' ಎಂದು ಬರೆದ.

ಮೇಲಿನ ಮನೆಯಾಕೆ ಅಲ್ಲೇ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ಮೆಲ್ಲನೆ ಕೇಳಿದರು: "ಹಾಗಾದ್ರೆ ನಮ್ಮ ಮಗೂಗೆ ಯಾವುದು ತರಬೇಕು?"

ಅತ್ತಿಗೆ ಕಣ್ಣೊರೆಸಿಕೊಂಡು ಆಕೆಯ ಕಡೆ ತಿರುಗಿದರು.

"ನಿಮ್ಮದು ಯಾವ ಕಾರು? ಮೊದಲು ಅದನ್ನ ಹೇಳಿ."