ಪಡುವಣ ದ್ವೀಪದ ಸೊಸೆ

ಟೇಪಿನಲ್ಲಿ ಮಾತಾಡುವ ಈ ಹೆಂಗಸು ಆ ಪಡುವಣ ದ್ವೀಪದವಳೇ ಅಲ್ಲವಾದರೆ, ಮೇಷ್ಟ್ರ ಗತಿಯೇನು? ಹೆಡ್‌ಫೋನನ್ನು ಕಿವಿಯಿಂದ ಇಳಿಸಿ ಅವನು ಟೇಪು ನಿಲ್ಲಿಸಿದ.

ಪೆಸಿಫಿಕ್ ಸಾಗರದ ಒಂದಿಷ್ಟು ದ್ವೀಪಗಳ ಭಾಷೆಗಳಲ್ಲಿ ಯಾವುದಕ್ಕೆ ಯಾವುದು ಒಡಹುಟ್ಟು, ಯಾವುದು ಬರೀ ನೆರೆಮನೆ ಎಂದು ವಿಂಗಡಿಸುವುದು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಕೈಕೆಳಗೆ ಅವನು ಮಾಡುತ್ತಿದ್ದ ಸಂಶೋಧನೆ. ಮೇಷ್ಟ್ರು ಹರೆಯದಲ್ಲಿ ಅಲ್ಲೆಲ್ಲ ಅಲೆದು, ದ್ವೀಪಕ್ಕೊಬ್ಬರನ್ನು ಕೂರಿಸಿಕೊಂಡು ಅವರ ಮಾತನ್ನು ಟೇಪಿನಲ್ಲಿ ಹಿಡಿದು ತಂದಿದ್ದರು. ಅದರಿಂದ ಕಟ್ಟಿದ ವಂಶವೃಕ್ಷ ಇಂದಿಗೂ ಅವರ ಕೋಣೆಯ ಗೋಡೆಯ ಮೇಲಿತ್ತು. ಈ ಒಬ್ಬ ಹೆಂಗಸಿನ ಮಾತನ್ನು ನಂಬಿ ಪಡುವಣ ತುದಿಯ ದ್ವೀಪದ ಭಾಷೆಯನ್ನು ಮೂಡಣದ ಕೊಂಬೆಗೆ ಸೇರಿಸಿದ್ದೇ ಅವರಿಗೆ ಹೆಸರು ತಂದ ಶೋಧ.

ಅವರು ಪದಗಳನ್ನಷ್ಟೇ ಬರೆದುಕೊಂಡು ನಡುವಿನ ಹರಟೆಯನ್ನು ಬಿಟ್ಟಿದ್ದರು. ಆಗ ಅವರಿಗೆ ಅಷ್ಟು ಮಾತು ತಿಳಿಯುತ್ತಿರಲಿಲ್ಲ. ಇವನಿಗೆ, ವರ್ಷಗಟ್ಟಲೆ ಒಬ್ಬನೇ ಕೂತು ಕೇಳಿ ಕೇಳಿ, ಈಗ ತಿಳಿಯುತ್ತಿತ್ತು. ಹೆಂಗಸು ನಗುತ್ತ ಹೇಳಿದ್ದಳು: ತಾನು ಮೂಡಣ ದ್ವೀಪದಿಂದ ಸೊಸೆಯಾಗಿ ಬಂದವಳು, ಇಲ್ಲಿ ತನ್ನ ಮಾತು ಕೇಳಿ ಅತ್ತೆ ನಾದಿನಿಯರು ಮುಸಿಮುಸಿ ನಗುತ್ತಾರೆ, ಅಂತೂ ಕೇಳುವವನೊಬ್ಬ ಬಂದನಲ್ಲ ಎಂದು ಬಾಯ್ತುಂಬ ತವರಿನ ಮಾತನ್ನೇ ಆಡುತ್ತಿದ್ದೇನೆ.

ಅವಳೀಗ ಇಲ್ಲ. ಈ ಕಟ್ಟಡದಲ್ಲಿ ಅವಳ ಮಾತು ಅರ್ಥವಾಗುವವನು ಇವನೊಬ್ಬನೇ. ಅವಳು ಉಸಿರೆಳೆದುಕೊಳ್ಳಲು ನಿಂತಾಗಲೆಲ್ಲ ಇವನು ಖಾಲಿ ಕೋಣೆಯಲ್ಲಿ ‘ಹೂಂ’ ಎಂದಿದ್ದುಂಟು.

ಮೇಷ್ಟ್ರು ಎರಡು ಲೋಟ ಚಹಾ ಹಿಡಿದು ಬಂದರು. ಆ ವಾರ ಅವರ ನಿವೃತ್ತಿ; ಪುಸ್ತಕ ತುಂಬಿದ ಪೆಟ್ಟಿಗೆಗಳು ಆಗಲೇ ಬಾಗಿಲ ಹೊರಗಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ಚಹಾಕ್ಕೆ ಅವರಿಗೆ ಇವನೇ ಜೊತೆ.

“ಏನಯ್ಯಾ, ಆಕೇನೇ ಕಟ್ಕೊಂಡಂಗಿದೀಯ ನೀನು. ನಮ್ಮನೆಯವಳೂ ನನ್ಹತ್ರ ಇಷ್ಟು ಮಾತಾಡಿರ್ಲಿಲ್ಲ.”

“ನೀವು ಹೋಗಿದ್ದಕ್ಕೆ ಆಕೆಗೆ ತುಂಬಾ ಖುಷಿಯಾಗಿತ್ತು, ಸರ್.”

“ಹೌದಾ? ಏನೇನೋ ಹೇಳ್ತಾನೇ ಇದ್ಲು, ನಾನು ಸುಮ್ನೆ ತಲೆ ಆಡಿಸ್ತಿದ್ದೆ.” ಮೇಷ್ಟ್ರು ಹೆಡ್‌ಫೋನಿನ ಕಡೆ ನೋಡಿದರು. “ಏನಂತಾಳಯ್ಯಾ?”

ಅವನು ಚಹಾದ ಕೆನೆಯನ್ನು ಬೆರಳಿಂದ ತೆಗೆದ.

“ಮನೆ ವಿಷ್ಯ, ಸರ್. ಅತ್ತೆ, ನಾದಿನಿ.”

“ಅದು ಬಿಡು, ಯಾವ ಭಾಷೆಲಾದ್ರೂ ಒಂದೇ,” ಎಂದು ಮೇಷ್ಟ್ರು ನಕ್ಕು, ಲೋಟಗಳನ್ನೆತ್ತಿಕೊಂಡು ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವ ತನಕ ಅವನು ಬಾಗಿಲ ಕಡೆಗೇ ನೋಡುತ್ತಿದ್ದ.

ಪಡುವಣ ದ್ವೀಪದ ಟೇಪು ಹಾಳಾಗಿದೆ ಎಂದು ಬರೆದು, ಆ ಭಾಷೆಯ ಗೋಜಿಗೇ ಹೋಗದೆ ಅವನು ಪ್ರಬಂಧ ಮುಗಿಸಿದ. ಆಮೇಲೂ ಎಷ್ಟೋ ಸಲ ಮೇಷ್ಟ್ರ ಮನೆಗೆ ಹೋದ, ಚಹಾ ಕುಡಿದ. ಆಕೆ ಬೇರೆ ದ್ವೀಪದಿಂದ ಬಂದ ಸೊಸೆ, ನಿಮ್ಮ ಮರದ ಆ ಕೊಂಬೆ ಸುಳ್ಳು ಎಂದು ಅವನು ಮೇಷ್ಟ್ರಿಗೆ ಕೊನೆಗೂ ಹೇಳಲಿಲ್ಲ.