ತಲೆಯಿಲ್ಲದ ಗೆಂಡೆಮೀನು

ನನ್ನ ಗಂಡ ನಿಕೋಲಾ ಸತ್ತ ಮೇಲೂ ಅವನ ಹೆಸರಿನ ಹಬ್ಬವನ್ನು ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ಸಂತ ನಿಕೋಲಾನ ದಿನ ಆ ಹೆಸರಿನವರ ಮನೆಗೆ ಯಾರೂ ಕರೆಯದೆಯೇ ಊರೆಲ್ಲ ಬರುತ್ತದೆ. ಹೊಳೆಯ ಗೆಂಡೆಮೀನಿನ ಹೊಟ್ಟೆಗೆ ಅನ್ನ, ಅಕ್ರೋಟು ತುಂಬಿ ಇಡಿಯಾಗಿ ಬೇಯಿಸಬೇಕು. ತಿಂದಾದ ಮೇಲೆ ಮುಳ್ಳುಗಳನ್ನು ಹೊಳೆಗೇ ಬಿಡಬೇಕು, ಮುಂದಿನ ವರ್ಷ ಮೀನಾಗಿ ಬರಲಿ ಅಂತ. ತಲೆಯೊಳಗಿನ ಶಿಲುಬೆಯಂಥ ಮೂಳೆಯನ್ನು ಮಾತ್ರ ಮನೆಯ ಹಿರಿಯ ಹೆಂಗಸು ಎತ್ತಿಟ್ಟುಕೊಂಡು, ಯಾರನ್ನು ಕಾಯಬೇಕೋ ಅವರ ಟೋಪಿಗೆ ಹೊಲಿಯುತ್ತಾಳೆ. ನಿಕೋಲಾ ತರುತ್ತಿದ್ದ ಮೀನಿನ ಬಾಲ ನನ್ನ ಒಲೆಯ ಹತ್ತಿರವಿದ್ದರೆ, ತಲೆ ಚರ್ಚಿನ ಬಾಗಿಲಲ್ಲಿರುತ್ತಿತ್ತು.

ಈ ಸಲ ಹೊಳೆಯಲ್ಲಿ ಒಂದು ಕಪ್ಪೆಯೂ ಉಳಿದಿರಲಿಲ್ಲ. ಮೇಲಿನ ಗಣಿಯ ಕೊಳೆನೀರಿನ ಒಡ್ಡು ಒಡೆದು, ಹೊಳೆ ನನ್ನ ಮದುವೆಯ ಲಂಗಕ್ಕಿಂತ ಕೆಂಪಾಗಿ ಹರಿದಿತ್ತು. ಗಣಿ ಕಂಪನಿಯ ಪರವಾಗಿ ಮಾತಾಡಲು ರಾಜಧಾನಿ ಸೋಫಿಯಾದಿಂದ ಕಾಮೆನ್ ಎಂಬ ಹುಡುಗ ಬಂದ. ಎಷ್ಟು ಸಣಕಲು ಎಂದರೆ ಅವನ ಟೈಯೇ ಅವನನ್ನು ಹಿಡಿದು ನಿಲ್ಲಿಸಿತ್ತು. ದಡದಲ್ಲಿ ನಿಂತು ಟಿ.ವಿ.ಯವರಿಗೆ, "ಹೊಳೆ ಮೊದಲಿನ ಹಾಗೇ ಶುದ್ಧವಾಗಿದೆ" ಎಂದ. ಅವನ ಹಿಂದೆ ಒಂದು ಬಾತುಕೋಳಿ ನೀರಿಗಿಳಿಯಲು ಬಂದು, ಕೊಕ್ಕು ತಾಗಿಸಿ, ತಿರುಗಿ ನಡೆದುಕೊಂಡೇ ಹೋಯಿತು. ಇಡೀ ದೇಶ ಅದನ್ನು ನೋಡಿತು.

ಆ ಅವಮಾನ ಮುಚ್ಚಿಕೊಳ್ಳಲು ಕಂಪನಿ ಹಬ್ಬದ ವಾರ ಮನೆಮನೆಗೂ ಮೀನು ಹಂಚಿತು. ಕಾಮೆನ್ ಟಿ.ವಿ.ಯವರ ಜೊತೆ ಮೊದಲು ನನ್ನ ಮನೆಗೇ ಬಂದ. ಪೊಟ್ಟಣ ಬಿಚ್ಚಿದೆ. ಹಿಮಗಟ್ಟಿ ಕಲ್ಲಾದ ಮೀನು. ತಲೆಯಿಲ್ಲ, ಮುಳ್ಳಿಲ್ಲ.

"ಇದರ ತಲೆ ಎಲ್ಲಪ್ಪಾ?"

"ಎಲ್ಲಾ ತೆಗೆಸಿ ತಂದಿದೀವಿ ಅಜ್ಜಿ, ನಿಮಗೆ ಕಷ್ಟ ಆಗಬಾರದು ಅಂತ."

"ಆರಿಸಿದೋರು ಯಾರು, ನಿಮ್ಮ ದೊಡ್ಡ ಸಾಹೇಬರಾ? ತಲೆ ಇಲ್ದಿರೋದು ನೋಡಿ ನೆಂಟನೇ ಸಿಕ್ಕಷ್ಟು ಖುಷಿಯಾಗಿರಬೇಕು!"

ಪಕ್ಕದ ಮನೆಯ ದೋಬ್ರಿನಾ ಬೇಲಿಯಾಚೆಯಿಂದ ಕೂಗಿದಳು: "ಏ ತ್ಸೋನಾ, ನಂದಕ್ಕೂ ತಲೆ ಇಲ್ಲ ಕಣೇ! ಹಬ್ಬಕ್ಕೆ ಮೀನು ಕೊಟ್ರೋ, ಹೆಣ ಕೊಟ್ರೋ?"

ಸಂಜೆಯ ಸುದ್ದಿಯಲ್ಲಿ ಅದೂ ಬಂತು. ಮಾರನೆಯ ದಿನ ಕಂಪನಿ ತಪ್ಪು ತಿದ್ದಿಕೊಂಡಿತು: ಲಾರಿಯ ತುಂಬ ಬರೀ ತಲೆಗಳು! ಅದೂ ಸಮುದ್ರದ ಮೀನಿನವು. ಒಂದೊಂದರ ಬಾಯೊಳಗೆ ನಮ್ಮ ಪಾದ್ರಿ ಗಡ್ಡದ ಸಮೇತ ಹಿಡಿಸುತ್ತಿದ್ದರು. ಊರಿನ ಬೆಕ್ಕುಗಳು ತಿಂದು ತಿಂದು ನಡೆಯಲಾರದೆ ಉರುಳಿಕೊಂಡು ಓಡಾಡಿದವು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಮನೆಗೆ ಬಂದು ಮೀನಿನ ದೊಡ್ಡ ತಟ್ಟೆ ಒರೆಸುವಾಗ ನಗು ಬರಲಿಲ್ಲ. ಇಡೀ ಮೀನಿಲ್ಲದೆ ನಿಕೋಲಾನ ಹೆಸರಿನ ಮೇಜಿಗೆ ಜನರನ್ನು ಹೇಗೆ ಕೂರಿಸಲಿ?

ಹಬ್ಬದ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕಾಮೆನ್ ಒಬ್ಬನೇ ನಿಂತಿದ್ದ, ಕೈಯಲ್ಲಿ ಬಕೆಟ್ಟು. ಒಳಗೆ ಜೀವಂತ ಗೆಂಡೆಮೀನು ಪಟಪಟ ಬಡಿಯುತ್ತಿತ್ತು.

"ಬೆಟ್ಟದಾಚೆ ಕೆರೆಯಿಂದ ತಂದೆ ಅಜ್ಜಿ. ನೋಡಿ, ತಲೆ ಇದೆ."

"ಕ್ಯಾಮೆರಾ ಎಲ್ಲಿ?"

"ತಂದಿಲ್ಲ. ಇವತ್ತು ಕರೀದೆ ಬರಬಹುದಲ್ವಾ?"

"ಒಳಗೆ ಬಾರೋ, ಅಲ್ಲೇ ನಿಂತ್ರೆ ಗಾಳಿಗೆ ಹಾರಿಹೋಗ್ತೀಯ!"

ಊರೆಲ್ಲ ಬಂತು. ಮೀನು ಸಾಕಾಯಿತು. ಊಟವಾದ ಮೇಲೆ ಮುಳ್ಳಿನ ತಟ್ಟೆ ಹಿಡಿದು ಎಲ್ಲರೂ ಹೊಳೆಗೆ ಹೋದೆವು. ದಡದಲ್ಲಿ ನಾನು ತಟ್ಟೆಯನ್ನು ಕಾಮೆನ್ ಕೈಗಿಟ್ಟೆ.

"ನೀನು ತಂದ ಮೀನು, ನೀನೇ ಬಿಡು ಮಗಾ. ಶುದ್ಧವಾಗಿದೆ ಅಂದಿದ್ಯಲ್ಲ."

ಅವನು ಬಗ್ಗಿದ. ಕೆಂಪು ಕೆಸರನ್ನು ನೋಡಿದ. ಆಮೇಲೆ ತಟ್ಟೆಯನ್ನು ಎದೆಗೊತ್ತಿಕೊಂಡು ಎದ್ದ.

"ಬೇಡ ಅಜ್ಜಿ. ಇದರಲ್ಲಿ ಬೇಡ. ಇನ್ನೂ ಶುದ್ಧ ಆಗಿಲ್ಲ."

"ಬಾತುಕೋಳಿಗಿಂತ ತಡವಾದ್ರೂ ಗೊತ್ತಾಯ್ತಲ್ಲಪ್ಪಾ!" ಎಂದಳು ದೋಬ್ರಿನಾ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

"ಇದನ್ನೇ ಟಿ.ವಿ.ಯಲ್ಲೂ ಹೇಳ್ತೀಯಾ?" ಎಂದೆ.

"ಹೇಳಿದ್ರೆ ಕೆಲಸ ಹೋಗುತ್ತೆ ಅಜ್ಜಿ."

"ಟೋಪಿ ಕೊಡು ಇಲ್ಲಿ."

ಮನೆಗೆ ಬಂದು ಆ ಶಿಲುಬೆಯ ಮೂಳೆಯನ್ನು ಅವನ ಟೋಪಿಯೊಳಗೆ ಗಟ್ಟಿಯಾಗಿ ಹೊಲಿದೆ. ಮಾರನೆಯ ದಿನ ಅವನು ಆ ಟೋಪಿ ಹಾಕಿಕೊಂಡೇ ಟಿ.ವಿ.ಯಲ್ಲಿ ಅದೇ ಮಾತು ಹೇಳಿದ. ಅವನ ಕೆಲಸವೂ ಅವತ್ತೇ ಹೋಯಿತು.

ಮುಳ್ಳುಗಳನ್ನು ಜಾಡಿಯಲ್ಲಿ ತುಂಬಿ ನಿಕೋಲಾನ ಫೋಟೋದ ಪಕ್ಕ ಇಟ್ಟಿದ್ದೇನೆ. ಹೊಳೆ ತಿಳಿಯಾದ ದಿನ ಬಿಡುವುದು ಕಾಮೆನ್‌ನೇ. ಬೇರೆ ಕೆಲಸ ಸಿಗುವ ತನಕ ನನ್ನ ಅಡುಗೆಮನೆಯಲ್ಲಿ ಕೂತು ಅಕ್ರೋಟು ಒಡೆಯುತ್ತಾನೆ. ಒಡೆದದ್ದೆಲ್ಲ ಅವನ ಹೊಟ್ಟೆಗೇ ಹೋಗುತ್ತದೆ. ಆದರೂ ಮೈಗೆ ಮಾತ್ರ ಹತ್ತುತ್ತಿಲ್ಲ.